ಮುಗಿಯುವ ದಿನ ಮೊದಲೇ ಗೊತ್ತಿತ್ತು!

ಪಕ್ಕದ ಮನೆಯ ಹುಡುಗಿ ಕಾಲೇಜಿನ ಅರ್ಜಿ ತುಂಬಲು ಕೂತಿದ್ದಳು. ಅಂದೇ ಕೊನೆಯ ದಿನ. ವೆಬ್‌ಸೈಟ್ ತೆರೆದರೆ ಅರ್ಜಿಯ ಬದಲು ಕಂಡದ್ದು ಕೆಂಪು ಎಚ್ಚರಿಕೆ. "ಪರವಾಗಿಲ್ಲ, ಮುಂದಕ್ಕೆ ಒತ್ತಮ್ಮಾ" ಎಂದರು ತಂದೆ. "ಒತ್ತಲಾ ಅಂಕಲ್?" ಎಂದು ಆಕೆ ನನ್ನನ್ನು ಕೇಳಿದಳು. ಬೇಡ ಎಂದೆ. ಆ ಸೈಟಿನ ಭದ್ರತಾ ಪ್ರಮಾಣಪತ್ರದ ಅವಧಿ ಹಿಂದಿನ ರಾತ್ರಿಯೇ ಮುಗಿದಿತ್ತು. ಕಾಲೇಜಿಗೆ ಫೋನ್ ಮಾಡಿದಾಗ ಗುಟ್ಟು ಹೊರಬಿತ್ತು: ನವೀಕರಣದ ನೆನಪೋಲೆಗಳು ಕೆಲಸ ಬಿಟ್ಟುಹೋದವರ ಇ-ಮೇಲ್‌ಗೆ ಹೋಗುತ್ತಿದ್ದವು! ಕಾಲೇಜಿನವರು ಒಂದು ದಿನ ಹೆಚ್ಚು ಕೊಟ್ಟಿದ್ದರಿಂದ ಹುಡುಗಿ ಬಚಾವಾದಳು.

ಈ ಪ್ರಮಾಣಪತ್ರ ವೆಬ್‌ಸೈಟಿನ ಗುರುತಿನ ಚೀಟಿ ಇದ್ದಂತೆ. ನೀವು ಬಯಸಿದ ವಿಳಾಸಕ್ಕೇ ಬಂದಿದ್ದೀರಿ ಎಂದು ಬ್ರೌಸರ್‌ಗೆ ಭರವಸೆ ಕೊಡುವುದು ಇದೇ. ಬಸ್ ಪಾಸಿನಂತೆ ಇದಕ್ಕೂ ಕೊನೆಯ ದಿನಾಂಕವುಂಟು. ಯಾಕೆ? ವೆಬ್ ವಿಳಾಸ ಬೇರೆಯವರ ಕೈಸೇರಬಹುದು, ಅದರ ಗುಪ್ತ ಕೀಲಿ ಕಳುವಾಗಬಹುದು. ಆದ್ದರಿಂದ ಆಗಾಗ ಹೊಸದಾಗಿ ಪರಿಶೀಲಿಸುವುದು ಒಳ್ಳೆಯದು.

ದಿನಾಂಕ ಮರೆಯುವುದು ಚಿಕ್ಕವರಷ್ಟೇ ಅಲ್ಲ. 2020ರ ಫೆಬ್ರವರಿ 3ರಂದು ಮೈಕ್ರೋಸಾಫ್ಟ್‌ನ ಟೀಮ್ಸ್ ಸೇವೆ ಕೆಲ ಗಂಟೆ ನಿಂತುಹೋದದ್ದು ಇದೇ ಕಾರಣಕ್ಕೆ. ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯ ಕಥೆ ಇನ್ನೂ ಘೋರ. ಒಳಹೊರಗಿನ ಸಂಚಾರ ತಪಾಸಣೆ ಮಾಡುವ ಅವರ ಸಾಧನದ ಪ್ರಮಾಣಪತ್ರ ಮುಗಿದು, ಕಾವಲುಗಾರನೇ ಕುರುಡನಾಗಿದ್ದ. 2017ರಲ್ಲಿ ಕಳ್ಳರು 76 ದಿನ ಒಳಗೇ ಓಡಾಡಿದರು. ಪ್ರಮಾಣಪತ್ರ ಹೊಸದಾದ ಕೂಡಲೇ ಅವರ ಸುಳಿವು ಸಿಕ್ಕಿತು. ಅಷ್ಟರಲ್ಲಿ ಸುಮಾರು 14.7 ಕೋಟಿ ಜನರ ವಿವರ ಸೋರಿಹೋಗಿತ್ತು.

ಇನ್ನು ಮರೆವಿಗೆ ಜಾಗವೂ ಕಡಿಮೆ. 2020ರ ಸೆಪ್ಟೆಂಬರ್‌ನಿಂದ ಗರಿಷ್ಠ 398 ದಿನವಿದ್ದ ಅವಧಿಯನ್ನು ಹಂತಹಂತವಾಗಿ ಇಳಿಸಲು 2025ರಲ್ಲಿ ನಿರ್ಧಾರವಾಯಿತು: 2026ರ ಮಾರ್ಚ್ 15ರಿಂದ 200 ದಿನ, 2027ರಲ್ಲಿ 100, 2029ರ ಮಾರ್ಚ್‌ನಿಂದ ಬರೀ 47! ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಂತೂ ನೆನಪೋಲೆ ಕಳಿಸುವುದನ್ನೇ 2025ರ ಜೂನ್‌ನಲ್ಲಿ ನಿಲ್ಲಿಸಿತು.

ಹಾಗಾದರೆ ಕಾವಲು ಹೇಗೆ? ಮೊದಲು, ತಮ್ಮಲ್ಲಿರುವ ಎಲ್ಲ ಪ್ರಮಾಣಪತ್ರಗಳ ಪಟ್ಟಿ ಬೇಕು. ಮುಗಿಯುವುದು ಹೆಚ್ಚಾಗಿ ಪಟ್ಟಿಯಲ್ಲಿಲ್ಲದ್ದೇ. ಎರಡನೆಯದು, ನವೀಕರಣವನ್ನು ಕಂಪ್ಯೂಟರ್‌ಗೇ ಒಪ್ಪಿಸಬೇಕು. ಆದರೆ ಅದನ್ನೂ ಕುರುಡಾಗಿ ನಂಬುವಂತಿಲ್ಲ. ಹೊಸ ಪತ್ರ ಬಂದಿದ್ದರೂ ಸರ್ವರ್ ಹಳೆಯದನ್ನೇ ತೋರಿಸುತ್ತಿರಬಹುದು. ಅದಕ್ಕೇ ಮೂರನೆಯದು: ದಿನವೂ ಹೊರಗಿನಿಂದ, ಸಾಮಾನ್ಯ ಬಳಕೆದಾರನಂತೆ ಸೈಟಿಗೆ ಹೋಗಿ ದಿನಾಂಕ ನೋಡುವ ಪುಟ್ಟ ಪ್ರೋಗ್ರಾಂ. ದಿನಗಳು ಕಡಿಮೆಯಾದರೆ ಅದು ಒಬ್ಬರಿಗಲ್ಲ, ಇಬ್ಬರು ಮೂವರಿಗೆ ಎಚ್ಚರಿಕೆ ಕಳಿಸಬೇಕು.

ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಳೇ, ಇಂಥ ಪ್ರೋಗ್ರಾಂ ನೀವೇ ಬರೆಯಬಹುದು. ಬೇಕಾದ ಸಲಕರಣೆ ಆ ಭಾಷೆಯಲ್ಲೇ ಇದೆ. ನಿಮ್ಮ ಶಾಲೆಯ ಸೈಟಿನಿಂದಲೇ ಶುರುಮಾಡಿ.

ಪೋಷಕರೇ, ಕೆಂಪು ಎಚ್ಚರಿಕೆ ಕಂಡರೆ ಮೊದಲು ನಿಮ್ಮ ಫೋನಿನ ದಿನಾಂಕ ಸರಿಯಿದೆಯೇ ನೋಡಿ. ಅದು ತಪ್ಪಿದ್ದರೂ ಹೀಗಾಗುತ್ತದೆ. ಸರಿಯಿದ್ದರೆ ಪಾಸ್‌ವರ್ಡ್ ಕೊಡಬೇಡಿ, ಶುಲ್ಕ ಕಟ್ಟಬೇಡಿ. ಕಚೇರಿಗೆ ಫೋನ್ ಮಾಡಿ. ಹಾಂ, ಅರ್ಜಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಆ ದಿನಾಂಕವೂ ಮೊದಲೇ ಗೊತ್ತಿರುತ್ತದಲ್ಲ!