ಮಳೆಯ ನಾಡಿಗೆ ತಕ್ಕ ಗಣಕಯಂತ್ರ

ಗಣಕಯಂತ್ರವನ್ನು ಕೊಳ್ಳಹೊರಟ ವಿದ್ಯಾರ್ಥಿಯು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಸಾಮಾನ್ಯವಾಗಿ ಪ್ರೊಸೆಸರಿನ ವೇಗವನ್ನು. ಕೊಡಗಿನ ವಿದ್ಯಾರ್ಥಿಗಳ ಮಟ್ಟಿಗೆ ಈ ಪ್ರಶ್ನೆಯು ಕೊನೆಯಲ್ಲಿ ಬರತಕ್ಕದ್ದೆಂದು ನಮ್ಮ ಅಭಿಪ್ರಾಯ. ಯಂತ್ರವು ಎಲ್ಲಿ ಕೆಲಸಮಾಡಬೇಕಾಗಿದೆಯೋ ಅಲ್ಲಿಯ ಹವೆಯನ್ನೂ ವಿದ್ಯುತ್ತಿನ ಸ್ಥಿತಿಯನ್ನೂ ಮೊದಲು ಯೋಚಿಸುವುದು ವಿವೇಕ.

ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮಡಿಕೇರಿ, ಭಾಗಮಂಡಲಗಳ ಕಡೆ ಮಳೆಗೆ ಬಿಡುವೆಂಬುದೇ ಅಪರೂಪ. ಗಾಳಿಗೆ ಮುರಿದ ಕೊಂಬೆ ತಂತಿಯ ಮೇಲೆ ಬಿದ್ದರೆ ವಿದ್ಯುತ್ತು ನಿಲ್ಲುತ್ತದೆ. ಮರಳಿ ಬಂದಾಗ ೨೩೦ ವೋಲ್ಟಿನಲ್ಲಿ ಸ್ಥಿರವಾಗಿದ್ದೀತೆಂಬ ಭರವಸೆಯಿಲ್ಲ. ಆದುದರಿಂದ ಹಣದ ಮೊದಲ ಪಾಲು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಗೆ ಸಲ್ಲಬೇಕು. ಪರ್ಯಾಯ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳ ನೇರ ವಿದ್ಯುತ್ತಾಗಿಸಿ ಉಳಿದ ಭಾಗಗಳಿಗೆ ಹಂಚುವುದು ಇದೇ. ಇದು ಅಗ್ಗದ್ದಾದರೆ, ತಾನು ಕೆಡುವಾಗ ಮದರ್‌ಬೋರ್ಡನ್ನೂ ಕೆಡಿಸೀತು.

ಎರಡನೆಯದು ಯುಪಿಎಸ್. ರ್‍ಯಾಮ್ ಎಂಬ ಸ್ಮೃತಿಯಲ್ಲಿರುವುದೆಲ್ಲ ವಿದ್ಯುತ್ತು ನಿಂತ ಕ್ಷಣವೇ ಅಳಿಸಿಹೋಗುತ್ತದೆ. ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಬೇಕಾದ ಕೆಲವು ನಿಮಿಷಗಳನ್ನು ಯುಪಿಎಸ್ ಒದಗಿಸುತ್ತದೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಬೇಕು. ಸಿಡಿಲಿನ ಸೂಚನೆ ಕಂಡೊಡನೆ ಪ್ಲಗ್ಗನ್ನೂ ಹೊರಗಿನಿಂದ ಬರುವ ಲೋಹದ ತಂತಿಗಳನ್ನೂ ಕಳಚಿಡುವುದಕ್ಕಿಂತ ಉತ್ತಮವಾದ ರಕ್ಷಣೆ ಇನ್ನೊಂದಿಲ್ಲ.

ಮೂರನೆಯದು ಸಂಗ್ರಹಣೆ. ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತವೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಎಸ್‌ಎಸ್‌ಡಿಯುಳ್ಳ ಸಾಧಾರಣ ಯಂತ್ರವು ನಿತ್ಯದ ಕೆಲಸಗಳಲ್ಲಿ, ಹಾರ್ಡ್ ಡಿಸ್ಕ್ ಮಾತ್ರವಿರುವ ದುಬಾರಿ ಯಂತ್ರಕ್ಕಿಂತ ಚುರುಕಾಗಿ ಕಾಣುತ್ತದೆ. ಸ್ಮೃತಿಯು ೮ ಜಿಬಿಯಿದ್ದು, ಮುಂದೆ ಹೆಚ್ಚಿಸಲು ಒಂದು ಸ್ಥಾನ ಖಾಲಿಯಿದ್ದರೆ ಓದುಬರಹಕ್ಕೆ ಸಾಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬಹುಮಂದಿಗೆ ಬೇಕಾಗುವುದಿಲ್ಲ. ಅಂದಹಾಗೆ, ತೇವಕ್ಕೆ ಹೆದರಿ ಮಳೆಗಾಲವೆಲ್ಲ ಯಂತ್ರವನ್ನು ಮುಚ್ಚಿಡುವುದು ತಪ್ಪು. ಅದು ಓಡುವಾಗ ಹುಟ್ಟುವ ಶಾಖವೇ ಒಳಗಿನ ತೇವವನ್ನು ತಗ್ಗಿಸುತ್ತದೆ.

ಇನ್ನು ತಂತ್ರಾಂಶದ ಮಾತು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ಭದ್ರತಾ ವ್ಯವಸ್ಥೆ ಬೇಕಾದುದರಿಂದ ಹಳೆಯ ಯಂತ್ರಗಳು ಅನೇಕವು ಅದಕ್ಕೆ ಒಗ್ಗವು. ಹಾಗೆಂದು ಅವು ನಿರುಪಯುಕ್ತವಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನೂ ಲಿಬ್ರೆ ಆಫೀಸನ್ನೂ ಅಳವಡಿಸಿಕೊಂಡರೆ ಇನ್ನೂ ಹಲವು ವರ್ಷ ದುಡಿದಾವು. ಕದ್ದ ತಂತ್ರಾಂಶವನ್ನು ಅಂಗಡಿಯವರು ಉಚಿತವೆಂದು ಹಾಕಿಕೊಟ್ಟರೂ ಒಪ್ಪಕೂಡದು. ಅದರೊಡನೆ ವೈರಸ್ಸುಗಳೂ ಬರುವುದುಂಟು.

ಕನ್ನಡವನ್ನು ಯೂನಿಕೋಡಿನಲ್ಲಿಯೇ ಬರೆಯಿರಿ. ೧೯೯೧ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರೆತಿತ್ತು. ಕೊಡವ ಭಾಷೆಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ವಾಡಿಕೆಯಿರುವುದರಿಂದ ಆ ಬರವಣಿಗೆಗೂ ಇದರ ಪ್ರಯೋಜನವುಂಟು. ಹಳೆಯ ಫಾಂಟುಗಳಲ್ಲಿ ಬರೆದುದು, ಅದೇ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರರಾಶಿಯಾಗುತ್ತದೆ.

ಕಡೆಯದಾಗಿ, ಬರೆದುದರ ಪ್ರತಿಯೊಂದನ್ನು ಬೇರೊಂದು ಊರಿನಲ್ಲಾಗಲಿ ಅಂತರಜಾಲದಲ್ಲಾಗಲಿ ಇರಿಸಿ. ೨೦೧೮ರ ಆಗಸ್ಟಿನ ಭೂಕುಸಿತದಲ್ಲಿ ಕೊಡಗಿನ ಎಷ್ಟೋ ಮನೆಗಳು ನೆಲಸಮವಾದುವು. ಯಂತ್ರವನ್ನು ಮತ್ತೆ ಕೊಳ್ಳಬಹುದು. ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳನ್ನು ಯಾವ ಅಂಗಡಿಯೂ ಮಾರುವುದಿಲ್ಲ.