ತಾರೆಯೋ, ಚಿಗುರೋ?
ಹೆಸರಾಂತ ತಾರೆಗಾಗಿ ಎಳೆಯ ಪ್ರತಿಭೆಯನ್ನು ಬಿಟ್ಟುಕೊಡಬೇಕೇ? ಎನ್‌ಬಿಎ ಬಾಸ್ಕೆಟ್‌ಬಾಲ್ ಅಭಿಮಾನಿಗಳ ಈ ವಾದ ಮುಗಿಯುವಂಥದ್ದಲ್ಲ. 2019ರಲ್ಲಿ ಲಾಸ್ ಏಂಜಲೀಸ್‌ನ ಎರಡೂ ತಂಡಗಳು ತಾರೆಯರತ್ತಲೇ ವಾಲಿದವು.

ಲೇಕರ್ಸ್ ಮೂವರು ಯುವ ಆಟಗಾರರನ್ನು ಕೊಟ್ಟು ಆಂಥೊನಿ ಡೇವಿಸ್ ಅವರನ್ನು ತಂದು, 2020ರಲ್ಲೇ ಪ್ರಶಸ್ತಿ ಗೆದ್ದಿತು. ಕ್ಲಿಪ್ಪರ್ಸ್ ತಂಡವು ಪಾಲ್ ಜಾರ್ಜ್‌ಗಾಗಿ, ಒಂದೇ ಋತು ಆಡಿದ್ದ ಶೇ ಗಿಲ್ಜಸ್-ಅಲೆಕ್ಸಾಂಡರ್ ಜೊತೆಗೆ ಹೊಸಬರನ್ನು ಆರಿಸುವ ಐದು ಮೊದಲ ಸುತ್ತಿನ ಹಕ್ಕುಗಳನ್ನೂ ಒಕ್ಲಹೋಮಕ್ಕೆ ಬಿಟ್ಟುಕೊಟ್ಟಿತು. ಕಪ್ ಬರಲಿಲ್ಲ, 2024ರಲ್ಲಿ ಜಾರ್ಜ್ ತಂಡ ತೊರೆದರು. 2025ರಲ್ಲಿ ಒಕ್ಲಹೋಮ ಚಾಂಪಿಯನ್ ಆಯಿತು, ಶೇ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು.

ತಾರೆಯನ್ನು ತರುವುದೇ ತಪ್ಪು ಎಂದಲ್ಲ. ತಾರೆಯ ಬೆಲೆ ಎಲ್ಲರಿಗೂ ಗೊತ್ತು. ಎಳೆಯನ ಬೆಲೆ ತಿಳಿಯಲು ಕಾಯಬೇಕು. ಅನುಭವವನ್ನಷ್ಟೇ ತೂಗುವ ಸಂದರ್ಶಕರಿಗೂ ಈ ಲೆಕ್ಕ ಅನ್ವಯಿಸುತ್ತದೆ.