ಬಾವಲಿಗೆ ತೆರೆದ ಬಾಗಿಲು

ವಿಶಾಖಪಟ್ಟಣದ ವಾಚಕ ಮಹಾಶಯರೊಬ್ಬರು ನಮಗೆ ಕಾಗದ ಬರೆದು, ದೆವ್ವ, ಧೂಮಕೇತು, ಮಾತನಾಡುವ ಪಶುಪಕ್ಷಿಗಳ ಕಥೆಗಳು ಮಕ್ಕಳಿಗೆ ಸಲ್ಲತಕ್ಕವು. ಅನ್ಯಾಯವನ್ನು ಕುರಿತು ಬರೆಯುವವರು ಕಂಡುದನ್ನು ಕಂಡಂತೆ ಬರೆಯಲಿ ಎಂದು ಅಭಿಪ್ರಾಯಪಟ್ಟಿದ್ದಾರೆ. ಅವರ ಸದುದ್ದೇಶವನ್ನು ಗೌರವಿಸುತ್ತೇವೆ. ಅಭಿಪ್ರಾಯವನ್ನು ಮಾತ್ರ ಒಪ್ಪಲಾರೆವು.

ಅಮೆರಿಕದ ಕಪ್ಪು ಜನಾಂಗದ ಲೇಖಕರನ್ನು ನೋಡಿ. ಡು ಬಾಯ್ಸ್ ಎಂಬ ವಿದ್ವಾಂಸರು 1920ರಲ್ಲಿ ಪ್ರಕಟಿಸಿದ ‘ಧೂಮಕೇತು’ ಎಂಬರ್ಥದ ಹೆಸರಿನ ಕಥೆಯಲ್ಲಿ ನ್ಯೂಯಾರ್ಕ್ ನಗರವು ವಿಷಗಾಳಿಯಿಂದ ಸ್ಮಶಾನವಾಗುತ್ತದೆ. ಬದುಕಿ ಉಳಿದವರು ಬ್ಯಾಂಕಿನ ಒಬ್ಬ ಕಪ್ಪು ಜವಾನ ಮತ್ತು ಒಬ್ಬ ಬಿಳಿಯ ಶ್ರೀಮಂತ ತರುಣಿ. ನೋಡುವವರು ಯಾರೂ ಇಲ್ಲದಾಗ ಅವರ ನಡುವಣ ಮೇಲುಕೀಳು ಕರಗುತ್ತದೆ. ಹೊರಗಿನ ಜನ ಬಂದೊಡನೆ ಮರಳುತ್ತದೆ. ಹಾಗಾದರೆ ಅದು ರಕ್ತದಲ್ಲಿದ್ದುದಲ್ಲ, ಊರು ಕಾಪಾಡಿಕೊಂಡು ಬಂದುದು. ಇದನ್ನು ತೋರಿಸಲು ಊರನ್ನೇ ಇಲ್ಲವಾಗಿಸಬೇಕಾಯಿತು. ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಕಾದಂಬರಿಯಲ್ಲಿ 1976ರ ಕಪ್ಪು ಮಹಿಳೆಯೊಬ್ಬಳು ಗುಲಾಮಗಿರಿಯ ಕಾಲಕ್ಕೆ ಸೆಳೆಯಲ್ಪಡುತ್ತಾಳೆ. ಅದೆಲ್ಲ ಮುಗಿದ ಕಥೆ ಎನ್ನುವವರಿಗೆ, ಅವಳು ತನ್ನ ಕಾಲಕ್ಕೆ ಹೊತ್ತು ತರುವ ಗಾಯಗಳೇ ಉತ್ತರ.

ಇಂಥದಕ್ಕೆ ನಾವು ಕಡಲು ದಾಟಬೇಕಾಗಿಲ್ಲ. ವಿನುಕೊಂಡದಲ್ಲಿ 1895ರಲ್ಲಿ ಜನಿಸಿ ಅಸ್ಪೃಶ್ಯತೆಯ ಅವಮಾನವನ್ನುಂಡ ಗುರ್ರಂ ಜಾಷುವಾ ಕವಿಗಳು 1941ರಲ್ಲಿ ‘ಗಬ್ಬಿಲಂ’ ಕಾವ್ಯವನ್ನು ಪ್ರಕಟಿಸಿದರು. ಗಬ್ಬಿಲವೆಂದರೆ ಬಾವಲಿ. ಕಾಳಿದಾಸನ ಯಕ್ಷನು ಮೇಘವನ್ನು ನಲ್ಲೆಯ ಬಳಿಗೆ ಕಳುಹಿಸಿದನು. ಜಾಷುವಾ ಅವರ ಹಸಿದ ದಲಿತನು ಬಾವಲಿಯನ್ನು ಶಿವನ ಬಳಿಗೆ ಕಳುಹಿಸುತ್ತಾನೆ. ಗುಡಿಯ ಬಾಗಿಲು ಅವನಿಗೆ ಮುಚ್ಚಿದೆ, ಬಾವಲಿಗೆ ತೆರೆದಿದೆ. ಪೂಜಾರಿ ಇಲ್ಲದ ವೇಳೆ ನೋಡಿ ದೇವರ ಕಿವಿಯಲ್ಲಿ ನನ್ನ ಕಷ್ಟವನ್ನು ಹೇಳು ಎಂದು ಅವನು ಬೇಡುತ್ತಾನೆ. ನಮ್ಮ ಕನ್ನಡದಲ್ಲಿಯೂ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ಇರುಳು ದೀಪದ ಜೋತಮ್ಮಗಳು ಕೂಡಿ ಮಾತಾಡುತ್ತವೆ, ಮಂಚವೂ ಬಾಯಿ ಬಿಡುತ್ತದೆ. ಮನುಷ್ಯರು ಮುಚ್ಚಿಟ್ಟುದನ್ನು ಮನೆಯ ವಸ್ತುಗಳೇ ಹೇಳಬೇಕಾಗಿ ಬಂತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು ಆ ಕೃತಿಯನ್ನು ಪುರಸ್ಕರಿಸಿತು.

ಹೋಟೆಲು ನಡೆಸಿ ಬದುಕಿದ ನಾವು ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ವಿಜಯವಾಡದ ನಮ್ಮ ಹೋಟೆಲಿನಲ್ಲಿ ತಟ್ಟೆಲೋಟ ತೊಳೆಯುತ್ತಿದ್ದ ಹುಡುಗನು ವರ್ಷಗಟ್ಟಲೆ ಹಿತ್ತಿಲ ನಲ್ಲಿಯ ಬಳಿಯೇ ಕುಳಿತು ಉಂಡನು. ಒಳಗೆ ಬರಬೇಡವೆಂದು ನಾವು ಹೇಳಿರಲಿಲ್ಲ. ಬಾ ಎಂದೂ ಹೇಳಲಿಲ್ಲ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ಅಳಿಸಿದೆಯೆಂದು ಬಲ್ಲೆವು. ಅದನ್ನು ನಾವು ಮೀರಿಲ್ಲವೆಂದೇ ನಂಬಿದ್ದೆವು. ಅದೇ ಅಡಿಗೆಮನೆಯಲ್ಲಿ ಬೆಕ್ಕು ಒಲೆಯ ಪಕ್ಕದಲ್ಲಿ ಮಲಗುತ್ತಿತ್ತು. ‘ಗಬ್ಬಿಲಂ’ ಓದಿದ ರಾತ್ರಿ ಆ ಬೆಕ್ಕು ಮೊದಲ ಬಾರಿ ನಮ್ಮ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಹುಡುಗನು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು.

ಕಂಡುದನ್ನು ಕಂಡಂತೆ ಬರೆಯಲಿ ಎನ್ನುವ ಮಿತ್ರರು ಇದನ್ನು ವಿಚಾರ ಮಾಡಬೇಕು. ಪ್ರತಿನಿತ್ಯ ಕಣ್ಣೆದುರಿಗಿದ್ದುದನ್ನೇ ನಾವು ಕಂಡಿರಲಿಲ್ಲ. ಮಾತು ಬಾರದ ಬಾವಲಿ ತೋರಿಸಿತು. ಬಲವುಳ್ಳವನು ವಾದಕ್ಕೆ ಪ್ರತಿವಾದ ಹೂಡಬಲ್ಲನು. ಇಂಥ ಕಥೆಗೆ ಏನು ಪ್ರತಿವಾದ ಹೂಡಬಲ್ಲನು?

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ತೆಲುಗನ್ನು ಚೆನ್ನಾಗಿ ಓದಬಲ್ಲರು. ಒಂದು ಸಂಜೆ ಅವರಿಂದ ‘ಗಬ್ಬಿಲಂ’ ಓದಿಸಿ ಕೇಳಬೇಕೆಂದೂ, ಮರುದಿನ ತಮ್ಮ ತಮ್ಮ ಅಡಿಗೆಮನೆಯ ಬಾಗಿಲನ್ನೊಮ್ಮೆ ನೋಡಬೇಕೆಂದೂ ಎರಡೂ ಪಟ್ಟಣಗಳ ಕನ್ನಡ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ.